ಗೋಡೆ ಮೇಲಿನ ಬಸರಿ, ಅದರ ಜೊತೆಗೊಂದು ಅರಳಿ

ಮೈಸೂರಿನಲ್ಲಿ ಯಾವುದೇ ಹಳೇ ಮನೆ ಕಂಡರೂ ನಾನು ಮೊದಲು ನೋಡುವುದು ಬಚ್ಚಲ ನೀರು ಹೊರಬೀಳುವ ಜಾಗವನ್ನು. ಗೋಡೆಯಲ್ಲಿ ಗಿಡ ಅಂತ ಇದ್ದರೆ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಮಳೆನೀರಿನ ಪೈಪು ಒಡೆದ ಕಡೆ. ಪಿಕಳಾರ, ಗೊರವಂಕ, ಕುಟ್ರು ಹಕ್ಕಿ, ಕತ್ತಲಾದ ಮೇಲೆ ಬಾವಲಿ, ಇವೆಲ್ಲ ಆಲ, ಅರಳಿ, ಬಸರಿ ಹಣ್ಣು ತಿಂದು ಎಲ್ಲೆಂದರಲ್ಲಿ ಹಿಕ್ಕೆ ಹಾಕುತ್ತವೆ. ಗಾರೆಯ ಬಿರುಕಿನಲ್ಲಿ ಸ್ವಲ್ಪ ತೇವ ಸಿಕ್ಕರೆ ಸಾಕು, ಬೀಜ ಮೊಳೆಯುತ್ತದೆ. ಆದರೆ ಅಲ್ಲಿ ಮಣ್ಣಿಲ್ಲ. ಹಾಗಾಗಿ ಗಿಡ ವರ್ಷಗಟ್ಟಲೆ ಮೊಣಕಾಲೆತ್ತರವೇ ಇರುತ್ತದೆ. ಕಾಂಡ ಮಾತ್ರ ದಪ್ಪವಾಗುತ್ತಾ, ತಿರುಚುತ್ತಾ ಹೋಗುತ್ತದೆ. ಎಲೆಯೂ ಚಿಕ್ಕದಾಗುತ್ತದೆ. ಬೋನ್ಸಾಯ್ ಮಾಡುವವರು, ಅಂದರೆ ಮರವನ್ನು ಕುಂಡದಲ್ಲೇ ಕುಳ್ಳಗೆ ಬೆಳೆಸುವವರು, ಎಷ್ಟೋ ವರ್ಷ ಪಾಡುಪಟ್ಟು ತರುವ ಮುದಿತನವನ್ನು ಗೋಡೆ ಬಿಟ್ಟಿಯಾಗಿ ಕೊಟ್ಟುಬಿಟ್ಟಿರುತ್ತದೆ.

ಹೀಗೆ ತಾನಾಗಿ ಬೆಳೆದ ಮರವನ್ನು ತಂದು ಬೋನ್ಸಾಯ್ ಮಾಡುವುದಕ್ಕೆ ಜಪಾನಿನವರು ಯಮಾದೊರಿ ಅನ್ನುತ್ತಾರೆ. ಕಾಡು ಮರ ಅಂದ ಕೂಡಲೇ ಎಲ್ಲರಿಗೂ ಕಾಡೇ ನೆನಪಾಗುತ್ತದೆ. ನನ್ನ ಬೆಂಗಳೂರಿನ ಗೆಳೆಯನೊಬ್ಬ ಪ್ರತಿ ಬೇಸಿಗೆಯೂ ಫೋನ್ ಮಾಡುತ್ತಾನೆ. "ಚಾಮುಂಡಿ ಬೆಟ್ಟಕ್ಕೆ ಹೋಗೋಣ ಕಣೋ, ಬಂಡೆ ಸಂದಿಯಲ್ಲಿ ಎಂಥೆಂಥಾ ಮರ ಇರುತ್ತೆ!" ಬೆಟ್ಟ ಮೀಸಲು ಅರಣ್ಯ. ಅಲ್ಲಿಂದ ಗಿಡ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಹಾಗಿರಲಿ, ಜಪಾನಿನಲ್ಲೇ ಏನಾಯ್ತು ನೋಡಿ. ನೀಗಾತಾ ಪ್ರಾಂತ್ಯದ ಇತೊಯಿಗಾವಾ ಕಡೆಯ ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳಲ್ಲಿ ಶಿಂಪಾಕು ಅನ್ನುವ ಜುನಿಪರ್ ಜಾತಿಯ ಮರ ಬೆಳೆಯುತ್ತಿತ್ತು. ಜನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಪ್ರಪಾತಕ್ಕೆ ಇಳಿದು ಅದನ್ನು ಕಿತ್ತರು. ಕೆಲವರು ಬಿದ್ದು ಸತ್ತರು. ದೊಡ್ಡ ಪ್ರದರ್ಶನಗಳಲ್ಲಿ ನಾವು ಬಾಯಿಬಿಟ್ಟು ನೋಡುವ ಎಷ್ಟೋ ಮರಗಳು ಅಲ್ಲಿಂದಲೇ ಬಂದವು. ಆದರೆ ಆ ಬೆಟ್ಟಗಳಲ್ಲಿ ಅಂಥ ಮರ ಈಗ ಸುಲಭಕ್ಕೆ ಸಿಗುವುದಿಲ್ಲ. ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ, "ನಿಂದು ಬರೀ ಪುರಾಣ" ಅಂತ ಫೋನ್ ಇಡುತ್ತಾನೆ.

ಗೋಡೆಯ ಗಿಡದ ಲೆಕ್ಕ ಬೇರೆ. ಅದು ಹೇಗಿದ್ದರೂ ಸಾಯುವುದೇ. ಮನೆಯವರು ಕತ್ತರಿಸುತ್ತಾರೆ, ಮತ್ತೆ ಚಿಗುರುತ್ತದೆ. ಕೊನೆಗೆ ಬುಡಕ್ಕೆ ಆಸಿಡ್ಡೋ ಡೀಸೆಲ್ಲೋ ಸುರಿಯುತ್ತಾರೆ. ಹಾಗಂತ ಎಲ್ಲ ಗೋಡೆಗೂ ಕೈ ಹಾಕುವಂತಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದನ್ನು ನೋಡಿದ ಊರು ನಮ್ಮದು. ಸುಣ್ಣದ ಗಾರೆಯ ಗೋಡೆಯಿಂದ ಬೇರು ಎಳೆದರೆ ಇಟ್ಟಿಗೆಯೂ ಜೊತೆಗೇ ಬರುತ್ತದೆ. ಪಾರಂಪರಿಕ ಕಟ್ಟಡದ ಗಿಡ ತೆಗೆಯುವುದು ಅದನ್ನು ಬಲ್ಲವರ ಕೆಲಸ, ನನ್ನಂಥ ಹವ್ಯಾಸಿಯದ್ದಲ್ಲ. ನನಗೆ ಬೇಕಾದದ್ದು ಕೆಡವಲು ನಿಂತ ಮನೆ.

ಅಂಥದ್ದೊಂದು ಮನೆಯ ಸುದ್ದಿ ತಂದವರು ನಮ್ಮ ಬೀದಿಯ ಗಾರೆ ಮೇಸ್ತ್ರಿ. ಅಗ್ರಹಾರದ ಕಡೆ ಹೆಂಚಿನ ಮನೆ. ಆಷಾಢಕ್ಕೆ ಮೊದಲೇ ಕೆಡವಿ, ಶ್ರಾವಣದಲ್ಲಿ ಗುದ್ದಲಿ ಪೂಜೆ ಮಾಡುವ ಯೋಚನೆ ಆ ಮನೆಯವರದು. ಮೇ ಕೊನೆಯ ಒಂದು ಭಾನುವಾರ ಇಬ್ಬರೂ ನೋಡಿಕೊಂಡು ಬರಲು ಹೋದೆವು.

ಹಿತ್ತಲ ಗೋಡೆಯಲ್ಲಿ, ಬಚ್ಚಲ ಕಂಡಿಯ ಪಕ್ಕ, ಬಸರಿ ಕೂತಿತ್ತು. ಬುಡ ನನ್ನ ಮುಂಗೈಗಿಂತ ದಪ್ಪ. ಬೇರುಗಳು ಎರಡು ಇಟ್ಟಿಗೆಗಳನ್ನು ಹಿಡಿದುಕೊಂಡು ಗೋಡೆಯ ಮೈ ಮೇಲೆ ಇಳಿದಿದ್ದವು. ಆಗ ತಾನೇ ಚಿಗುರಿ, ತಾಮ್ರದ ಬಣ್ಣದ ಎಲೆ. ಅಲ್ಲಿಂದ ನಾಲ್ಕು ಅಡಿ ಆಚೆ ಇನ್ನೊಂದು ಗಿಡ ಇತ್ತು, ಅರಳಿ. ಅದರತ್ತ ನಾನು ಎರಡನೇ ಸಲ ನೋಡಲಿಲ್ಲ. ಅರಳಿಯಲ್ಲಿ ಬೋನ್ಸಾಯ್ ಮಾಡುವವರಿದ್ದಾರೆ, ತಪ್ಪೇನಲ್ಲ. ಆದರೆ ಆ ಉದ್ದ ತೊಟ್ಟು, ಬಾಲದಂಥ ತುದಿಯ ಅಗಲ ಎಲೆ, ಅದನ್ನು ಚಿಕ್ಕದು ಮಾಡುವ ತಾಳ್ಮೆ ನನಗಿಲ್ಲ.

ಮೇಸ್ತ್ರಿ ಉಳಿಯ ತುದಿಯಿಂದ ಗಾರೆ ಕೆರೆದು ನೋಡಿದರು. "ಸುಣ್ಣದ ಗಾರೆ ಸಾರ್, ಪುಡಿಪುಡಿ ಆಗುತ್ತೆ. ಸಿಮೆಂಟ್ ಆಗಿದ್ರೆ ಕೈಮುಗಿದು ವಾಪಸ್ ಹೋಗ್ಬೇಕಿತ್ತು." ಗೋಡೆ ಕೊಯ್ಯುವ ಗ್ರೈಂಡರ್ ಯಂತ್ರ ತರಲಾ ಅಂತ ಕೇಳಿದೆ. "ಬೇಡ. ಅದು ಇಟ್ಟಿಗೆ ಯಾವುದು, ಬೇರು ಯಾವುದು ಅಂತ ನೋಡಲ್ಲ" ಅಂದರು. ಕೆಡವುವಾಗ ಹೇಗೂ ಮೇಲಿನಿಂದ ವರಸೆ ವರಸೆಯಾಗಿ ಇಟ್ಟಿಗೆ ಬಿಚ್ಚಿಕೊಂಡು ಬರಬೇಕು. ಬಸರಿಯ ಹತ್ತಿರ ಬಂದಾಗ ಸುತ್ತಿಗೆ ಪಕ್ಕಕ್ಕಿಟ್ಟು ಉಳಿಯಲ್ಲೇ ಬಿಡಿಸೋಣ ಅನ್ನುವುದು ಅವರ ಲೆಕ್ಕ. ಬೇರು ಹಿಡಿದಿರುವ ಆ ಎರಡು ಇಟ್ಟಿಗೆಗಳನ್ನು ಮುಟ್ಟುವುದೇ ಬೇಡ, ಅವೂ ಮರದ ಜೊತೆಗೇ ಬರಲಿ ಅಂದೆ. ಮೇಸ್ತ್ರಿ ನನ್ನ ಮುಖ ನೋಡಿದರು. ಇಟ್ಟಿಗೆ ಬೇಕು ಅಂದವರನ್ನು ಅವರು ಎಷ್ಟೋ ಜನ ಕಂಡಿರಬಹುದು. ಗಿಡ ಹಿಡಿದಿರುವ ಇಟ್ಟಿಗೆಯೇ ಬೇಕು ಅಂದವನು ನಾನೇ ಮೊದಲಿಗನಿರಬೇಕು.

ಈ ಜಾತಿ ಮರಗಳ ಒಳ್ಳೆಯ ಗುಣ ಅಂದರೆ ಬರೀ ಬೊಡ್ಡೆ ಉಳಿದರೂ ಚಿಗುರುತ್ತವೆ. ಆದರೆ ಗೋಡೆಯಿಂದ ಬರುವ ಬೇರೆಲ್ಲ ಉದ್ದುದ್ದ ಹಗ್ಗ. ನೀರು ಕುಡಿಯುವ ಸಣ್ಣ ಬೇರು ಒಳಗೆಲ್ಲೋ ಗಾರೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೆ ಕೀಳುವ ಮೊದಲೇ ಬುಡದಲ್ಲಿ ಹೊಸ ಬೇರು ಬರಿಸಿಕೊಳ್ಳುವುದು ಮೇಲು. ತೆಂಗಿನ ನಾರಿನ ಪುಡಿಗೆ ಒಂದಿಷ್ಟು ಎಲೆಗೊಬ್ಬರ ಬೆರೆಸಿ, ಚೆನ್ನಾಗಿ ನೆನೆಸಿ, ಬಸರಿಯ ಬುಡಕ್ಕೆ ಮೆತ್ತಿದೆ. ಮೇಲೆ ಗೋಣಿಚೀಲ ಸುತ್ತಿ ಕಟ್ಟಿದೆ. ಬೆಚ್ಚಗೆ, ಒದ್ದೆಯಾಗಿ ಇದ್ದರೆ ಕೆಲವೇ ವಾರದಲ್ಲಿ ಬಿಳಿ ಬೇರು ಇಣುಕುತ್ತದೆ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಬಿಡಿಸಿದರೆ ಗಾಳಿಯಲ್ಲೂ ತೇವ ಇರುತ್ತದೆ, ಗಿಡಕ್ಕೆ ಒಳ್ಳೇದು. ಎಲ್ಲಿ ಕತ್ತರಿಸಬೇಕು ಅಂತ ಕಾಂಡದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕೀಳುವ ದಿನದ ಗಡಿಬಿಡಿಯಲ್ಲಿ ಯೋಚನೆ ಮಾಡಲು ಆಗುವುದಿಲ್ಲ.

ಇದನ್ನೆಲ್ಲ ಮನೆಯ ಅಮ್ಮ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವಯಸ್ಸು ಎಂಬತ್ತರ ಮೇಲೆ. "ಕುಂಡದಲ್ಲಿ ಇಟ್ಟು ಕುಳ್ಳ ಮಾಡ್ತೀರಲ್ಲ, ಅದಕ್ಕೆ ಹಿಂಸೆ ಅಲ್ವೇನಪ್ಪ?" ಅಂದರು. ಈ ಪ್ರಶ್ನೆ ನನಗೆ ಹೊಸದಲ್ಲ. ಉಣಿಸದೆ ಒಣಗಿಸಿ ಕುಳ್ಳ ಮಾಡುವುದಿಲ್ಲ, ಟೊಂಗೆ ಬೇರು ಸವರಿ ನೀರು ಗೊಬ್ಬರ ಕೊಟ್ಟೇ ಬೆಳೆಸುವುದು ಅಂತ ವಿವರಿಸಿದೆ. ನನ್ನ ಮಾತಿಗಿಂತ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದ ಹೆಸರು ಹೆಚ್ಚು ಕೆಲಸ ಮಾಡಿತು. ಅವರು ಅಲ್ಲಿಗೆ ಹೋಗಿದ್ದರಂತೆ.

"ಸರಿ, ತಗೊಂಡು ಹೋಗಿ. ಆದ್ರೆ ಅರಳೀನೂ ತಗೊಂಡು ಹೋಗ್ಬೇಕು."

ನಾನು ಸುಮ್ಮನಾದೆ.

"ಮಗ ಅದನ್ನ ಕೊಚ್ಚಿ ಹಾಕ್ತೀನಿ ಅಂತಾನೆ. ನಾನು ಬದುಕಿರೋವಾಗ ಈ ಮನೇಲಿ ಅರಳಿ ಕಡಿಯೋದು ಬೇಡ. ನೀವು ಬದುಕಿಸೋರು. ನಿಮಗೆ ಒಂದಾದ್ರೇನು, ಎರಡಾದ್ರೇನು?"

ಬಸರಿ ಬೇಕಿತ್ತು. ಒಪ್ಪಿಕೊಂಡೆ. ಅರಳಿಯ ಬುಡಕ್ಕೂ ಗೋಣಿಚೀಲ ಕಟ್ಟಿ, ದಿನಾ ಎರಡಕ್ಕೂ ಒಂದೊಂದು ಚೆಂಬು ನೀರು ಹಾಕುವ ಕೆಲಸವನ್ನು ಅಮ್ಮನಿಗೇ ಒಪ್ಪಿಸಿದೆ. ಅವರು ಅದನ್ನು ಪೂಜೆಯ ಲೆಕ್ಕಕ್ಕೆ ಸೇರಿಸಿಕೊಂಡರು ಅಂತ ಕಾಣುತ್ತದೆ. ಚೆಂಬು ತೊಳೆದು ತಂದರು.

ಮಧ್ಯಾಹ್ನದ ಮೇಲೆ ಮನೆಯಲ್ಲಿ ಕೆಲಸ. ಮರ ಬಂದ ಮೇಲೆ ಮಣ್ಣು ಹುಡುಕುವವರಿದ್ದಾರೆ. ಅಷ್ಟರಲ್ಲಿ ಬೇರು ಒಣಗಿರುತ್ತದೆ. ಎಲ್ಲ ಸಿದ್ಧವಾದ ಮೇಲೇ ಕೀಳಬೇಕು. ಅಮ್ಮನ ಮನೆಯ ಒಡೆದ ಹೆಂಚುಗಳನ್ನೇ ಒಂದು ಚೀಲ ತಂದಿದ್ದೆ. ಕುಟ್ಟಿ, ಎರಡು ಜರಡಿಯಲ್ಲಿ ಹಿಡಿದೆ. ದಪ್ಪ ಚೂರು ತಳಕ್ಕೆ. ಕಡಲೆಬೇಳೆ ಗಾತ್ರದ್ದು ಮಿಶ್ರಣಕ್ಕೆ. ಪುಡಿ ಆಚೆಗೆ. ಈ ಪುಡಿ ಎಸೆಯುವುದಕ್ಕೆ ಎಲ್ಲರಿಗೂ ಹೊಟ್ಟೆ ಉರಿಯುತ್ತದೆ, ಆದರೆ ಅದೇ ಮಳೆಗಾಲದಲ್ಲಿ ನೀರು ಇಂಗದಂತೆ ಕಟ್ಟಿಕೊಳ್ಳುವುದು. ಹೆಂಚಿನ ಚೂರಿಗೆ ದಪ್ಪ ಮರಳು, ಸ್ವಲ್ಪವೇ ಎಲೆಗೊಬ್ಬರ. ತೋಟದ ಮಣ್ಣು ಬೇಡ. ಚಂದದ ಬೋನ್ಸಾಯ್ ತಟ್ಟೆಯೂ ಈಗ ಬೇಡ. ಮೇಸ್ತ್ರಿಗಳು ಗಾರೆ ಹೊರುವ ಪ್ಲಾಸ್ಟಿಕ್ ಬಾಂಡ್ಲಿಗೆ ತಳದಲ್ಲಿ ತೂತು ಕೊರೆದರೆ ಮೊದಲ ಎರಡು ವರ್ಷಕ್ಕೆ ಅದಕ್ಕಿಂತ ಒಳ್ಳೆ ಕುಂಡ ಇಲ್ಲ. ಪಕ್ಕದಲ್ಲೂ ನಾಲ್ಕು ತೂತು, ತಂತಿ ಹಾಯಿಸಿ ಬೊಡ್ಡೆ ಕಟ್ಟಲು. ಗಾಳಿಗೆ ಬುಡ ಅಲ್ಲಾಡಿದರೆ ಹೊಸ ಬೇರು ಅಲ್ಲೇ ಹರಿದುಹೋಗುತ್ತದೆ.

ಗರಗಸ, ಕತ್ತರಿ, ಹಗ್ಗ, ಸುತ್ತಿ ತರಲು ಹಳೇ ಪಂಚೆ, ನೀರು ಚಿಮುಕಿಸುವ ಬಾಟಲಿ. ಕತ್ತರಿಸಿದ ಕಡೆ ಬಿಳಿ ಹಾಲು ಸುರಿಯುತ್ತದೆ, ಅದು ನಿಲ್ಲುವವರೆಗೆ ನೀರು ಚಿಮುಕಿಸುತ್ತಿರಬೇಕು. ಕೈಗೆ ಅಂಟಿದ್ದಕ್ಕೆ ಕೊಬ್ಬರಿ ಎಣ್ಣೆ. ನೆಟ್ಟ ಮೇಲೆ ಮುಚ್ಚಲು ದೊಡ್ಡ ಪಾರದರ್ಶಕ ಕವರ್, ಇಡಲು ನೆರಳಿನ ಮೂಲೆ. ಆಮೇಲೆ ಚಿಗುರು ಬಂತು ಅಂತ ಯಾರೂ ಕುಣಿಯಬಾರದು. ಮೊದಲ ಚಿಗುರು ಬೊಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದಲೇ ಬರುತ್ತದೆ, ಬೇರು ಬಿಟ್ಟಿದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಎರಡನೇ ಸುತ್ತು ಚಿಗುರುವ ತನಕ ಗೊಬ್ಬರ ಮುಟ್ಟುವಂತಿಲ್ಲ.

ಬಸರಿಯ ತಯಾರಿ ಇಷ್ಟಕ್ಕೆ ಮುಗಿಯಿತು. ಅರಳಿಯದ್ದು ಮುಗಿಯಲೇ ಇಲ್ಲ. ಅದನ್ನು ಎಲ್ಲಿಡುವುದು? ನಮ್ಮ ಮನೆಯ ಅಂಗಳದಲ್ಲಿ ನೆಟ್ಟರೆ ಇನ್ನು ಕೆಲವು ವರ್ಷಕ್ಕೆ ನಮ್ಮ ಗೋಡೆಯನ್ನೇ ಎತ್ತುತ್ತದೆ. ಪಾರ್ಕಿನಲ್ಲಿ ನೆಡೋಣ ಅಂದರೆ ಯಾರನ್ನು ಕೇಳುವುದು? ಸಂಜೆಯೆಲ್ಲ ಫೋನ್ ಹಿಡಿದು ಕೂತೆ. ಕೊನೆಗೆ ನಂಜನಗೂಡಿನ ಆಚೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವ ಸಿಕ್ಕರು. ಅವರ ಊರ ಮುಂದಿನ ಕಟ್ಟೆಯಲ್ಲಿ ಅರಳಿ, ಬೇವು ಜೋಡಿಯಾಗಿ ಇದ್ದವು. ಅರಳಿ ಗಾಳಿಗೆ ಬಿದ್ದು, ಈಗ ನಾಗರಕಲ್ಲುಗಳ ಹಿಂದೆ ಬೇವು ಒಂದೇ ನಿಂತಿದೆಯಂತೆ. ಊರವರೂ ಒಂದು ಅರಳಿ ಸಸಿ ತರಬೇಕು ಅಂತಲೇ ಮಾತಾಡಿಕೊಳ್ಳುತ್ತಿದ್ದರಂತೆ.

"ಎಷ್ಟುದ್ದ ಇದೆ ಗಿಡ?" ಅಂದರು ಮಾವ.

"ಮೊಣಕಾಲುದ್ದ. ತರುವಾಗ ಇನ್ನೂ ಸ್ವಲ್ಪ ಕತ್ತರಿಸಬೇಕು."

"ಮೊಣಕಾಲುದ್ದ ತಂದ್ರೆ ಒಂದು ಗಂಟೇಲಿ ಆಡು ತಿಂದು ಹಾಕ್ತವೆ ಕಣಪ್ಪ. ನೀನೇ ಒಂದೆರಡು ವರ್ಷ ಸಾಕಿ, ಆಳೆತ್ತರ ಮಾಡಿ ಕೊಡು."

ಅಂದರೆ ಒಂದು ಗಿಡವನ್ನು ಕುಳ್ಳ ಮಾಡಬೇಕು, ಪಕ್ಕದಲ್ಲೇ ಇನ್ನೊಂದನ್ನು ಆಳೆತ್ತರ ಬೆಳೆಸಬೇಕು. ಅದಕ್ಕೆ ಬಾಂಡ್ಲಿ ಸಾಲುವುದಿಲ್ಲ. ಅಂಗಡಿ ಮುಚ್ಚುವ ಮೊದಲು ದೊಡ್ಡದೊಂದು ಡ್ರಮ್ ಸಿಗುತ್ತದಾ ನೋಡೋಣ ಅಂತ ಗಾಡಿ ತೆಗೆದೆ.