ನಕ್ಷೆಯಲ್ಲಿ ಫಿನೀಷಿಯಾಗೆ ಯಾವ ಬಣ್ಣ?

ಶಾಲಾ ಮಕ್ಕಳ ಇತಿಹಾಸ ಪಾಠಗಳನ್ನೂ ನಕ್ಷೆಗಳನ್ನೂ ತಿದ್ದುವುದು ನನ್ನ ಕೆಲಸ. ನಮ್ಮಲ್ಲಿ ಜಾಸ್ತಿ ವಾದ ನಡೆಯುವುದು ಇಸವಿಗಳ ಬಗ್ಗೆ ಅಲ್ಲ, ಬಣ್ಣಗಳ ಬಗ್ಗೆ. ಪ್ರಾಚೀನ ಕಾಲದ ನಕ್ಷೆಯಲ್ಲಿ ಈಗಿನ ಲೆಬನಾನ್ ಕರಾವಳಿಗೆ ಉದ್ದಕ್ಕೂ ಒಂದೇ ಬಣ್ಣ ಬಳಿದು ‘ಫಿನೀಷಿಯಾ’ ಎಂದು ಬರೆದರೆ ನೋಡೋಕೆ ಚೆಂದ. ಆದರೆ ಮಕ್ಕಳು ಅದನ್ನು ಒಂದು ದೇಶ ಅಂತಲೇ ಓದುತ್ತಾರೆ.

ಅಂಥ ದೇಶ ಇರಲಿಲ್ಲ. ಟೈರ್, ಸೈಡನ್, ಬಿಬ್ಲೋಸ್ ಹೀಗೆ ಊರಿಗೊಬ್ಬ ರಾಜ. ಟೈರ್‌ಗೆ ಮೆಲ್‌ಕಾರ್ಟ್ ದೇವರು, ಸೈಡನ್‌ಗೆ ಎಶ್ಮುನ್. ಭಾಷೆ, ಲಿಪಿ ಮಾತ್ರ ಹೆಚ್ಚುಕಡಿಮೆ ಒಂದೇ. ಎಲ್ಲರನ್ನೂ ಸೇರಿಸಿ ‘ಫಿನೀಷಿಯನ್’ ಎಂದವರು ಗ್ರೀಕರು.

ವಾದ ಎದ್ದಾಗ ನಾನು ಎತ್ತುವುದು ಕ್ರಿ.ಪೂ. 332ರ ಟೈರ್ ಮುತ್ತಿಗೆಯನ್ನು. ಟೈರ್ ಆಗ ದ್ವೀಪ. ಅಲೆಕ್ಸಾಂಡರ್ ಸಮುದ್ರಕ್ಕೆ ಕಲ್ಲು, ಮಣ್ಣು, ಮರ ಸುರಿಸಿ ದಾರಿ ಮಾಡಿಸಿದ. ಅದೊಂದೇ ಸಾಲಲಿಲ್ಲ, ಹಡಗುಗಳೂ ಬೇಕಾದವು. ಕೊಟ್ಟವರು ಯಾರು? ಸೈಡನ್, ಬಿಬ್ಲೋಸ್‌ನವರು. ಪಕ್ಕದೂರಿನವರೇ! ಸುಮಾರು ಏಳು ತಿಂಗಳಿಗೆ ಟೈರ್ ಬಿತ್ತು. ಕಥೆ ಇಲ್ಲಿಗೇ ನಿಲ್ಲಿಸಿದರೆ ‘ಊರಷ್ಟೇ ನಿಜ, ಮಿಕ್ಕಿದ್ದೆಲ್ಲ ಬೊಗಳೆ’ ಅನ್ನುವವರು ಗೆದ್ದ ಹಾಗೆ. ಆದರೆ ರೋಮನ್ ಲೇಖಕ ಕರ್ಟಿಯಸ್ ಮುಂದಿನದನ್ನೂ ಬರೆದಿದ್ದಾನೆ. ಅಲೆಕ್ಸಾಂಡರನ ಪಡೆಯ ಜೊತೆ ಊರೊಳಗೆ ನುಗ್ಗಿದ ಸೈಡನ್‌ನವರು, ಟೈರ್‌ನವರು ತಮಗೆ ನೆಂಟರಲ್ವಾ ಅಂತ, 15,000 ಜನರನ್ನು ಗುಟ್ಟಾಗಿ ತಮ್ಮ ಹಡಗಿಗೆ ಹತ್ತಿಸಿಕೊಂಡು ಉಳಿಸಿದರಂತೆ. ಲೆಕ್ಕ ಉಬ್ಬಿಸಿರಬಹುದು. ಆದರೂ ಈ ಎರಡನೇ ಭಾಗವನ್ನು ಪಾಠದಿಂದ ಕತ್ತರಿಸಲು ನಾನು ಬಿಡುವುದಿಲ್ಲ.

ಒಂದೇ ಜನ, ಒಂದೇ ನಾಡು ಎಂಬ ಮಾತು ಜೋರಾದದ್ದು ತೀರಾ ಈಚೆಗೆ. 1920ರಲ್ಲಿ ಫ್ರೆಂಚರು ಗ್ರೇಟರ್ ಲೆಬನಾನ್ ಎಂಬ ಹೊಸ ನಾಡನ್ನು ಘೋಷಿಸಿದರು. ಆ ಹೊತ್ತಿಗೆ ಬೇರೂತ್‌ನ ಕೆಲವು ಬರಹಗಾರರಿಗೆ ಅರಬರಿಗಿಂತ ಹಳೆಯ ಹಿರಿಯರು ಬೇಕಿದ್ದರು. ಅವರಲ್ಲೊಬ್ಬರಾದ ಚಾರ್ಲ್ಸ್ ಕೊರ್ಮ್ 1919ರಲ್ಲೇ ಫಿನೀಷಿಯಾ ಹೆಸರು ಹೊತ್ತ ಪತ್ರಿಕೆ ತೆಗೆದಿದ್ದರು. ಹೊಸ ನಾಡಿಗೆ ಹಳೆಯ ಹೆಸರು ಬೇಕೆನಿಸುವುದು ಸಹಜ. ಅದನ್ನು ತಂದು ಮೂರು ಸಾವಿರ ವರ್ಷ ಹಿಂದಿನವರಿಗೆ ಅಂಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ನಕ್ಷೆಯಲ್ಲಿ ಬಣ್ಣದ ಪಟ್ಟಿ ತೆಗೆಸಿ ಊರಿಗೊಂದು ಚುಕ್ಕೆ ಇಡಿಸುತ್ತೇನೆ. ಪುಟ ಬೋಳು ಬೋಳಾಗಿ ಕಾಣುತ್ತೆ ಅಂತ ಡಿಸೈನರ್‌ಗೆ ಸಿಟ್ಟು, ಇರಲಿ. ಹಡಗು ಯಾವ ಊರಿನದೆಂದು ಗೊತ್ತಿದ್ದರೆ ಆ ಊರಿನ ಹೆಸರನ್ನೇ ಬರೆಯುತ್ತೇವೆ. ಲಿಪಿಗೆ ಮಾತ್ರ ‘ಫಿನೀಷಿಯನ್ ಲಿಪಿ’ ಎಂದೇ ಉಳಿಸಿದ್ದೇವೆ, ಅದು ಎಲ್ಲರೂ ಹಂಚಿಕೊಂಡದ್ದು.

ಕಾರ್ತೇಜ್ ವಿಷಯದಲ್ಲಿ ತಂಡ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಈಗಿನ ಟುನೀಷಿಯಾದಲ್ಲಿ ಟೈರ್‌ನವರು ಕಟ್ಟಿದ ಊರು ಅದು. ಟೈರ್‌ನ ಮೆಲ್‌ಕಾರ್ಟ್‌ಗೆ ಪ್ರತಿ ವರ್ಷ ಕಾಣಿಕೆ ಕಳಿಸುತ್ತಿತ್ತು, ರಾಜ್ಯಭಾರ ಮಾತ್ರ ತನ್ನದೇ. ಅದರ ಸೇನಾಪತಿ ಹ್ಯಾನಿಬಲ್‌ನನ್ನು ಟುನೀಷಿಯಾ 2013ರ 5 ದಿನಾರ್ ನೋಟಿನ ಮೇಲೆ ಹಾಕಿತ್ತು. ಟೈರ್‌ನ ಚುಕ್ಕೆಯ ಬಣ್ಣವನ್ನೇ ಇದಕ್ಕೂ ಕೊಡೋಣ ಅನ್ನುತ್ತಾರೆ ಕೆಲವರು. ನಾನು ಬೇಡ ಅನ್ನುತ್ತಿದ್ದೇನೆ.