ಇವತ್ತೂ ದಡದಲ್ಲೇ ಕೂತು ಬಂದೆ

ರಾತ್ರಿ ಜೋರು ಮಳೆ. ಬೆಳಿಗ್ಗೆ ಈಜಲೆಂದು ಹೋದವಳು ಕೆಂಪು ನೀರು ನೋಡಿ ದಡದಲ್ಲೇ ಕೂತೆ. ಮಳೆ ಬಂದರೆ ಚರಂಡಿಯ ಕೊಳಕೆಲ್ಲ ಹೊಳೆಗೇ. ಇಲಿ ಮೂತ್ರದಿಂದ ಹರಡುವ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್‌ಗೆ ಕಾಲಿನ ಸಣ್ಣ ಗಾಯ ಸಾಕು. ನನ್ನ ಹಿಮ್ಮಡಿಯಂತೂ ಬಿರುಕು ಬಿಟ್ಟ ಗದ್ದೆ!

ಆದರೂ ಆಸೆ ಬಿಡಲ್ಲ. ಮಂಡಿಗೆ ಭಾರವಿಲ್ಲ, ಎದೆಗೆ ಒಳ್ಳೆ ಕಸರತ್ತು, ರಾತ್ರಿ ಗಡದ್ದು ನಿದ್ದೆ. ಗೋಡೆ ಮುಟ್ಟಿ ತಿರುಗುವ ಈಜುಕೊಳದಲ್ಲಿ ಈ ಸುಖ ಎಲ್ಲಿ?

ನನಗೆ ನಿಜವಾದ ಭಯ ತಣ್ಣೀರಿನದು. 15 ಡಿಗ್ರಿಗಿಂತ ಕೆಳಗಿದ್ದರೆ, ಧುಮುಕಿದ ಕ್ಷಣ ಉಸಿರು ತಾನಾಗೇ ಒಳಕ್ಕೆಳೆಯುತ್ತದೆ. ಆಗ ಬಾಯಿ ನೀರೊಳಗಿದ್ದರೆ ಈಜು ಬಂದವರೂ ಮುಳುಗಬಹುದು. ಮೆಲ್ಲಗೆ ಇಳಿದು, ಒಂದೆರಡು ನಿಮಿಷ ಸುಮ್ಮನೆ ತೇಲಬೇಕು. ಒಂಟಿಯಾಗಿಯಂತೂ ಇಳಿಯಲ್ಲ. ನಾಡಿದ್ದು ನೀರು ತಿಳಿಯಾದರೆ ಗೆಳತಿ ಬರ್ತೀನಿ ಅಂದಿದ್ದಾಳೆ, ನೋಡೋಣ.