ಸತ್ತ ಎಳೆ ಬಿಟ್ಟುಹೋದ ದಾರಿ

ಮೆಟ್ಟಿಲು ಇಳಿಯುವಾಗ ಮೀನಖಂಡದಲ್ಲಿ ಪಟ್ ಅಂತು. ಅಷ್ಟೇ, ಎರಡು ವಾರ ಕುಂಟಿದೆ. ಫಿಸಿಯೋಥೆರಪಿಸ್ಟ್ ಮುಟ್ಟಿ ನೋಡಿ, "ಸ್ನಾಯು ಸ್ವಲ್ಪ ಹರಿದಿದೆ, ತಾನಾಗೇ ಕೂಡಿಕೊಳ್ಳುತ್ತೆ" ಅಂದರು. ತಾನಾಗೇ ಅಂದರೆ ಹೇಗೆ? ಯಾರು ಕೂಡಿಸುತ್ತಾರೆ? ಕಾಲು ಚಾಚಿಕೊಂಡು ಕೂತವನಿಗೆ ಬೇರೆ ಕೆಲಸ ಇರಲಿಲ್ಲ, ಓದುತ್ತಾ ಹೋದೆ.

ಸ್ನಾಯುವಿನ ಎಳೆ ವಿಚಿತ್ರದ್ದು. ಒಂದೇ ಕೋಶ, ಒಳಗೆ ಮಾತ್ರ ನೂರಾರು ನ್ಯೂಕ್ಲಿಯಸ್. ಅಷ್ಟಿದ್ದರೂ ಒಂದೂ ಮತ್ತೆ ಎರಡಾಗುವುದಿಲ್ಲ. ಹಾಗಾಗಿ ಎಳೆ ಸತ್ತರೆ ಹೊಸದನ್ನು ಕಟ್ಟಲು ಬೇರೆಯವರೇ ಬರಬೇಕು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಎಳೆಯ ಮೈಗೂ ಅದರ ಹೊರಗಿನ ತೆಳು ಹೊದಿಕೆಗೂ ನಡುವೆ ಅಂಟಿಕೊಂಡ ಪುಟ್ಟ ಕೋಶಗಳು ಕಂಡವು. ಸ್ಯಾಟಲೈಟ್ ಸೆಲ್ ಅಂತ ಹೆಸರಿಟ್ಟರು. ಸ್ನಾಯುವಿನ ಸ್ಟೆಮ್ ಸೆಲ್, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ, ಇವೇ. ಇವು ಇಲ್ಲದಿದ್ದರೆ ಏನಾಗುತ್ತದೆ ಅಂತ ಪಕ್ಕಾ ತಿಳಿಯಲು ಮಾತ್ರ ಐವತ್ತು ವರ್ಷ ಬೇಕಾಯಿತು. 2011ರಲ್ಲಿ ಇಲಿಗಳಲ್ಲಿ ಇವನ್ನೇ ಇಲ್ಲವಾಗಿಸಿ ನೋಡಿದರು. ಗಾಯವಾದ ಸ್ನಾಯು ಮತ್ತೆ ಬೆಳೆಯಲಿಲ್ಲ.

ಮಾಮೂಲಿ ದಿನಗಳಲ್ಲಿ ಇವು ಮಲಗಿರುತ್ತವೆ. ಸುಮ್ನೆ ಉಂಡೆಯಾಗಿ ಅಲ್ಲ, ಎಳೆಯ ಉದ್ದಕ್ಕೂ ಉದ್ದನೆಯ ಕೈಗಳನ್ನು ಚಾಚಿಕೊಂಡು. ಪೆಟ್ಟು ಬಿದ್ದರೆ ಕೈ ಒಳಗೆ ಎಳೆದುಕೊಳ್ಳುತ್ತವೆ. ಆಮೇಲೂ ತಕ್ಷಣ ಒಡೆಯುವುದಿಲ್ಲ. ಮೊದಲ ಸಲ ಎರಡಾಗಲು ಒಂದು ದಿನಕ್ಕಿಂತ ಜಾಸ್ತಿ ಬೇಕು, ಆಮೇಲಿನವು ಬೇಗ ಬೇಗ. ನನಗೆ ಮಜಾ ಅನಿಸಿದ್ದು 2014ರ ಒಂದು ಪ್ರಯೋಗ. ಇಲಿಯ ಒಂದು ಕಾಲಿಗೆ ಗಾಯ ಮಾಡಿದರೆ ಇನ್ನೊಂದು ಕಾಲಿನ ಸ್ಟೆಮ್ ಸೆಲ್‌ಗಳೂ ಅರ್ಧ ಎದ್ದು ಕೂರುತ್ತವಂತೆ! ಗಾಯದ ಸುದ್ದಿ ರಕ್ತದಲ್ಲೇ ಅಲ್ಲಿಗೂ ತಲುಪಿರುತ್ತದೆ.

ಈಗ ಅಸಲಿ ವಿಷಯ. ಎದ್ದ ಕೋಶಗಳು ಎಲ್ಲಿಗೆ ಹೋಗುತ್ತವೆ? ಗಾಯದ ಕಡೆಗೆ ಎಲ್ಲಾ ದಿಕ್ಕಿನಿಂದ ನುಗ್ಗುತ್ತವೆ ಅಂತ ನಾನು ಅಂದುಕೊಂಡಿದ್ದೆ. ತಪ್ಪು. ಎಳೆ ಸಾಯುತ್ತದೆ, ಒಳಗಿನದೆಲ್ಲ ಕೊಳೆಯಾಗಿ ಖಾಲಿಯಾಗುತ್ತದೆ, ಆದರೆ ಹೊರಗಿನ ಹೊದಿಕೆ ಕೊಳವೆಯ ಹಾಗೆ ಅಲ್ಲೇ ಉಳಿಯುತ್ತದೆ. ಸಂಶೋಧಕರು ಇದನ್ನು ಘೋಸ್ಟ್ ಫೈಬರ್ ಅಂತಾರೆ. ನನಗೆ ದೆವ್ವಕ್ಕಿಂತ ಹಾವು ಬಿಟ್ಟ ಪೊರೆ ಅನ್ನುವುದೇ ಸರಿ ಅನಿಸಿತು. 2016ರಲ್ಲಿ ಬದುಕಿರುವ ಇಲಿಯ ಸ್ನಾಯುವನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಕಂಡಿದ್ದು ಇದು: ಕೋಶಗಳು ಆ ಪೊರೆಯ ಉದ್ದಕ್ಕೇ ಓಡಾಡುತ್ತವೆ, ಮುಂದಕ್ಕೂ ಹಿಂದಕ್ಕೂ, ಮತ್ತು ಒಡೆದು ಎರಡಾಗುವಾಗಲೂ ಅದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಬರುವ ಹಾಗೆ ಒಡೆಯುತ್ತವೆ. ಪೊರೆಗಳ ದಿಕ್ಕನ್ನೇ ಬದಲಿಸಿದಾಗ ಕೋಶಗಳೂ ದಿಕ್ಕು ಬದಲಿಸಿದವು, ಹೊಸ ಎಳೆಗಳು ಅಡ್ಡಾದಿಡ್ಡಿ ಬೆಳೆದವು. ಅಂದರೆ ನೆಟ್ಟಗೆ ಹೋಗುವ ಜಾಣತನ ಕೋಶದ್ದಲ್ಲ, ಸತ್ತ ಎಳೆಯದ್ದು.

ಕೊಳೆ ಬಾಚಲು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಅವು ಬರೀ ಕಸ ಗುಡಿಸುವವು ಅಲ್ಲ. ಮೈ ಪಾರದರ್ಶಕವಾಗಿರುವ ಜೀಬ್ರಾಫಿಶ್ ಮರಿಗಳಲ್ಲಿ, ಕೆಲವು ಮ್ಯಾಕ್ರೋಫೇಜ್‌ಗಳು ಸ್ಟೆಮ್ ಸೆಲ್‌ನ ಪಕ್ಕ ಬಂದು ಅಂಟಿಕೊಂಡು ಕೂರುವುದೂ, ಆಮೇಲೆ ಆ ಸೆಲ್ ಒಡೆಯುವುದೂ ಕಂಡಿದೆ.

ಹೆಚ್ಚುವ ಲೆಕ್ಕ ನೋಡಿ. 2005ರಲ್ಲಿ ಒಂದೇ ಎಳೆಯನ್ನು ಅದಕ್ಕಂಟಿದ ಸ್ಟೆಮ್ ಸೆಲ್‌ಗಳ ಸಮೇತ ಬೇರೆ ಇಲಿಯ ಸ್ನಾಯುವಿಗೆ ನೆಟ್ಟರು. ಅಂಥ 7 ಕೋಶಗಳಿಂದ 100ಕ್ಕೂ ಹೆಚ್ಚು ಎಳೆ ಹುಟ್ಟಬಲ್ಲವು ಅಂತ ಗೊತ್ತಾಯಿತು. ಎಲ್ಲವೂ ಎಳೆಯಾದರೆ ಮುಂದಿನ ಗಾಯಕ್ಕೆ ಯಾರು ಉಳಿಯುತ್ತಾರೆ, ಅಲ್ವಾ? ಮಲಗಿದ್ದಾಗ ಈ ಕೋಶಗಳಲ್ಲಿ ಪ್ಯಾಕ್ಸ್7 ಎಂಬ ಪ್ರೋಟೀನ್ ಇರುತ್ತದೆ, ಎದ್ದ ಮೇಲೆ ಜೊತೆಗೆ ಮಯೋಡಿ ಸೇರುತ್ತದೆ. ಪ್ಯಾಕ್ಸ್7 ಬಿಟ್ಟವು ಒಂದಕ್ಕೊಂದು ಬೆಸೆದು ಎಳೆಯಾಗುತ್ತವೆ. ಮಯೋಡಿ ಬಿಟ್ಟ ಕೆಲವು ವಾಪಸ್ ಹೋಗಿ ಮಲಗುತ್ತವೆ.

ಜಿಮ್‌ಗೆ ಹೋಗುವ ಗೆಳೆಯರಿಗೆ ಒಂದು ಮಾತು. ಸಣ್ಣಪುಟ್ಟ ಬಿರುಕಿಗೆಲ್ಲ ಇಷ್ಟು ದೊಡ್ಡ ಪಡೆ ಏಳಬೇಕಿಲ್ಲ. ಎಳೆಯೊಳಗಿನ ನ್ಯೂಕ್ಲಿಯಸ್‌ಗಳೇ ಬಿರುಕಿನ ಹತ್ತಿರ ಸರಿದು ಅಲ್ಲೇ ತೇಪೆಗೆ ಬೇಕಾದ್ದನ್ನು ಮಾಡಿಸುತ್ತವೆ ಅಂತ 2021ರಲ್ಲಿ ತೋರಿಸಿದ್ದಾರೆ.

ನನ್ನದು ಬಿರುಕಲ್ಲ, ಹರಿದದ್ದು. ಪ್ರಯೋಗಗಳಲ್ಲಿ ಹೆಚ್ಚಾಗಿ ವಿಷದ ಇಂಜೆಕ್ಷನ್ ಕೊಟ್ಟು ಎಳೆಯನ್ನು ಸಾಯಿಸುತ್ತಾರೆ, ಪೊರೆ ಉಳಿಯುತ್ತದೆ. ಹರಿದಾಗ ಪೊರೆಯೂ ಹರಿಯುತ್ತದೆ, ಆ ಕಂದಕದಲ್ಲಿ ಗಾಯದ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಈಗ ನಡೆಯುತ್ತೇನೆ, ಮೆಟ್ಟಿಲೂ ಇಳಿಯುತ್ತೇನೆ. ಆದರೆ ಬೆರಳಲ್ಲಿ ಒತ್ತಿದರೆ ಒಂದು ಕಡೆ ಸಣ್ಣ ಗಂಟು ಸಿಗುತ್ತದೆ. ಅಲ್ಲಿ ದಾರಿಯೇ ಕಡಿದುಹೋಗಿತ್ತು ಅಂತ ಕಾಣುತ್ತದೆ.